ಆಸ್ಕರ್ ಪಟ್ಟಿ: ಹತ್ತು ಸಿನಿಮಾಗಳಿಗೆ ಕ್ರಮಾಂಕ ಕೊಡುವುದು ಹೇಗೆ, ಜಗಳ ಆಡಬೇಕಾದ್ದು ಎಲ್ಲಿ

ಆಸ್ಕರ್‌ನ ಅತ್ಯುತ್ತಮ ಚಿತ್ರ ವಿಭಾಗದ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಅರ್ಧಕ್ಕರ್ಧ ಒಂದೇ ಕಾರಣಕ್ಕೆ ಹಳಿ ತಪ್ಪುತ್ತವೆ. ಹೆಚ್ಚು ಜನ ತಲೆ ಮೇಲೆ ಹೊತ್ತುಕೊಂಡ ಸಿನಿಮಾನೇ ಗೆಲ್ಲುತ್ತದೆ ಅಂತ ಎಲ್ಲರೂ ಹಿಡಿದುಕೊಂಡಿರುತ್ತಾರೆ. ಉಳಿದ ವಿಭಾಗಗಳ ಅಂತಿಮ ಮತದಾನದಲ್ಲಿ ಅದು ನಿಜ: ಒಬ್ಬರಿಗೆ ಒಂದು ಮತ, ಹೆಚ್ಚು ಬಿದ್ದವರಿಗೆ ಪ್ರಶಸ್ತಿ. ಅತ್ಯುತ್ತಮ ಚಿತ್ರಕ್ಕೆ ಮಾತ್ರ ಹಾಗಲ್ಲ. 2009ರ ಸಿನಿಮಾಗಳಿಗೆ ಪ್ರಶಸ್ತಿ ಕೊಟ್ಟ 82ನೇ ಸಮಾರಂಭದಲ್ಲಿ ಪಟ್ಟಿ ಐದರಿಂದ ಹತ್ತಕ್ಕೆ ಏರಿತು. ಆಗಿನಿಂದ ಈ ವಿಭಾಗದಲ್ಲಿ ಮತದಾರರು ಸಿನಿಮಾಗಳಿಗೆ ಒಂದು, ಎರಡು, ಮೂರು ಅಂತ ಪ್ರಾಶಸ್ತ್ಯ ಕೊಡುತ್ತಾರೆ.

ಕರ್ನಾಟಕದವರಿಗೆ ಇದು ಹೊಸದೇನಲ್ಲ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರ, ಶಿಕ್ಷಕರ ಕ್ಷೇತ್ರದ ಚುನಾವಣೆ ನೋಡಿದ್ದರೆ ಸಾಕು. ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಯಾರಿಗೂ ಕೋಟಾ, ಅಂದರೆ ಗೆಲ್ಲಲು ಬೇಕಾದಷ್ಟು ಮತ, ಸಿಗದಿದ್ದರೆ ಕೊನೆಯಲ್ಲಿರುವ ಅಭ್ಯರ್ಥಿಯನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಎರಡನೇ ಪ್ರಾಶಸ್ತ್ಯದ ಪ್ರಕಾರ ಹಂಚುತ್ತಾರೆ. ಎಣಿಕೆ ರಾತ್ರಿಯಿಡೀ ಎಳೆಯುವುದೂ, ಮೊದಲ ಸುತ್ತಿನಲ್ಲಿ ಮುಂದಿದ್ದವರು ಕೊನೆಗೆ ಸೋಲುವುದೂ ಅಲ್ಲಿ ಹೊಸದಲ್ಲ. ಅತ್ಯುತ್ತಮ ಚಿತ್ರದ ಎಣಿಕೆಯೂ ಅದೇ ಬಗೆಯದು. ಒಂದು ಸಿನಿಮಾಗೆ ಅರ್ಧಕ್ಕಿಂತ ಹೆಚ್ಚು ಮತಪತ್ರ ಸೇರುವ ತನಕ ಕೆಳಗಿನಿಂದ ಒಂದೊಂದನ್ನೇ ಹೊರಗೆ ಹಾಕುತ್ತಾ ಹೋಗುತ್ತಾರೆ.

ಲೆಕ್ಕ ಹಾಕಿ ನೋಡಿದರೆ ಮಾತ್ರ ಇದರ ಒಳಸುಳಿ ತಿಳಿಯುತ್ತದೆ. ಒಂದು ಗೆಳೆಯರ ಬಳಗದಲ್ಲಿ 30 ಜನ ಅಂದುಕೊಳ್ಳಿ. ಐದು ಸಿನಿಮಾ: ಕ, ಚ, ಟ, ತ, ಪ. ಗೆಲ್ಲಲು 16 ಬೇಕು. ಮೊದಲ ಸ್ಥಾನದ ಮತಗಳು ಹೀಗೆ ಬಿದ್ದಿವೆ: ಕ 11, ಚ 8, ಟ 6, ತ 3, ಪ 2. ಕೈ ಎತ್ತಿಸಿ ಎಣಿಸಿದ್ದರೆ ‘ಕ’ ಗೆದ್ದು ಎಲ್ಲರೂ ಮನೆಗೆ ಹೋಗುತ್ತಿದ್ದರು. ಈಗ ‘ಪ’ ಹೊರಗೆ. ಅದರ ಎರಡು ಚೀಟಿಗಳಲ್ಲಿ ಒಂದರ ಎರಡನೇ ಸ್ಥಾನ ‘ಚ’, ಇನ್ನೊಂದರದ್ದು ‘ಟ’. ಲೆಕ್ಕ: ಕ 11, ಚ 9, ಟ 7, ತ 3. ಮುಂದೆ ‘ತ’ ಹೊರಗೆ. ಅದರ ಮೂರು ಚೀಟಿಗಳಲ್ಲಿ ಎರಡು ನೇರವಾಗಿ ‘ಟ’ಗೆ ಹೋಗುತ್ತವೆ. ಮೂರನೆಯ ಚೀಟಿಯಲ್ಲಿ ಎರಡನೇ ಸ್ಥಾನ ‘ಪ’ಗೆ ಕೊಟ್ಟಿದೆ, ಆದರೆ ‘ಪ’ ಆಗಲೇ ಹೊರಬಿದ್ದಿದೆ. ಅದನ್ನು ದಾಟಿ ಮೂರನೇ ಸ್ಥಾನ ನೋಡಬೇಕು, ಅಲ್ಲಿ ‘ಟ’ ಇದೆ. ಲೆಕ್ಕ: ಕ 11, ಟ 10, ಚ 9. ಈಗ ‘ಚ’ ಹೊರಗೆ. ಅದರ ಒಂಬತ್ತು ಚೀಟಿಗಳಲ್ಲಿ ಏಳು ‘ಟ’ಗೆ, ಒಂದು ‘ಕ’ಗೆ, ಇನ್ನೊಂದರಲ್ಲಿ ಮುಂದೆ ಏನೂ ಬರೆದಿಲ್ಲ, ಆ ಚೀಟಿ ಅಲ್ಲಿಗೇ ಮುಗಿಯಿತು. ಕೊನೆಯ ಲೆಕ್ಕ: ಟ 17, ಕ 12. ಮೊದಲ ಎಣಿಕೆಯಲ್ಲಿ ಮೂರನೆಯದಾಗಿದ್ದ ‘ಟ’ ಗೆದ್ದಿತು.

ಆ ಮೂರನೆಯ ಚೀಟಿಯನ್ನು ಇನ್ನೊಮ್ಮೆ ಕೈಗೆತ್ತಿಕೊಳ್ಳಿ. ಬರೆದವರು ಮೊದಲು ‘ತ’, ಆಮೇಲೆ ‘ಪ’, ಆಮೇಲೆ ‘ಟ’ ಅಂದಿದ್ದರು. ಅವರು ಮೂರನೇ ಸ್ಥಾನಕ್ಕೆ ‘ಟ’ ಬದಲು ‘ಚ’ ಬರೆದಿದ್ದರೆ ಆ ಸುತ್ತಿನಲ್ಲಿ ಚ 10, ಟ 9 ಆಗುತ್ತಿತ್ತು. ಗೆದ್ದ ಸಿನಿಮಾ ಕೊನೆಯ ಸುತ್ತಿಗೇ ಬರುತ್ತಿರಲಿಲ್ಲ. ಒಬ್ಬರ ಮೂರನೇ ಆಯ್ಕೆ ಇಡೀ ಫಲಿತಾಂಶವನ್ನೇ ತಿರುಗಿಸಿತು. ಹಾಗಾಗಿ ‘ಯಾವುದು ಗ್ರೇಟ್’ ಎಂಬುದಕ್ಕಿಂತ ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಸಣ್ಣ ಸಿನಿಮಾಗಳು ಹೊರಬಿದ್ದಾಗ ಅವುಗಳ ಅಭಿಮಾನಿಗಳು ಎತ್ತ ಹೋಗುತ್ತಾರೆ? ಹತ್ತರ ಪಟ್ಟಿಯಲ್ಲಿ ಏಳನೆಯದೋ ಎಂಟನೆಯದೋ ಆಗಿರುವ ಸಿನಿಮಾ ತಾನು ಗೆಲ್ಲದಿದ್ದರೂ ಗೆಲ್ಲುವವರನ್ನು ತೀರ್ಮಾನಿಸಬಲ್ಲದು.

ಇಲ್ಲಿ ಎರಡು ತಪ್ಪು ತಿಳಿವಳಿಕೆ ಮತ್ತೆ ಮತ್ತೆ ಕಾಣುತ್ತವೆ. ಎರಡನೇ ಸ್ಥಾನಕ್ಕೆ ಇಷ್ಟು ಅಂಕ, ಮೂರನೆಯದಕ್ಕೆ ಇಷ್ಟು ಅಂಕ ಅಂತ ಕೂಡುತ್ತಾರೆ ಎನ್ನುವುದು ಒಂದು. ಇಲ್ಲ, ಇಲ್ಲಿ ಅಂಕಗಳೇ ಇಲ್ಲ. ಒಂದು ಚೀಟಿ ಯಾವ ಹೊತ್ತಿನಲ್ಲೂ ಒಂದೇ ಸಿನಿಮಾದ ರಾಶಿಯಲ್ಲಿರುತ್ತದೆ. ಇನ್ನೊಂದು, ಎದುರಾಳಿಯನ್ನು ಹತ್ತನೇ ಸ್ಥಾನಕ್ಕೆ ತಳ್ಳಿದರೆ ಅದಕ್ಕೆ ಪೆಟ್ಟು ಬೀಳುತ್ತದೆ ಎನ್ನುವುದು. ನಿಮ್ಮ ಒಂದನೇ ಆಯ್ಕೆ ಕಣದಲ್ಲಿರುವಷ್ಟು ಹೊತ್ತು ಕೆಳಗೆ ಏನು ಬರೆದಿದ್ದೀರಿ ಅಂತ ಯಾರೂ ನೋಡುವುದೇ ಇಲ್ಲ. ಒಳ್ಳೆಯ ಸಿನಿಮಾವನ್ನು ಬೇಕೆಂತಲೇ ಕೆಳಗೆ ಹಾಕುವುದರಿಂದ ಹಾಳಾಗುವುದು ನಿಮ್ಮ ಪಟ್ಟಿಯೇ. ನಿಮ್ಮ ಮೇಲಿನ ಆಯ್ಕೆಗಳೆಲ್ಲ ಹೊರಬಿದ್ದ ಮೇಲೆ ನಿಮ್ಮ ಚೀಟಿ ನಿಮಗೆ ನಿಜವಾಗಿ ಇಷ್ಟವಿಲ್ಲದ ಸಿನಿಮಾದ ರಾಶಿಗೆ ಹೋಗಿ ಕೂರುತ್ತದೆ.

ಆಸ್ಕರ್ ಕೊಡುವ ಅಕಾಡೆಮಿ ಎಷ್ಟೆಷ್ಟು ಮತ ಬಿತ್ತು ಅಂತ ಯಾವತ್ತೂ ಪ್ರಕಟಿಸುವುದಿಲ್ಲ. ಆದ್ದರಿಂದ ‘ಎರಡನೇ ಪ್ರಾಶಸ್ತ್ಯದಿಂದಲೇ ಗೆದ್ದಿತು’ ಅಂತ ಯಾವ ಸಿನಿಮಾದ ಬಗ್ಗೆಯೂ ಖಚಿತವಾಗಿ ಹೇಳಲಾಗದು. ಆದರೆ ಈ ಪದ್ಧತಿ ಬಂದ ಮೇಲಿನ ಫಲಿತಾಂಶಗಳಲ್ಲಿ ಒಂದು ಜಾಡು ಕಾಣುತ್ತದೆ. 2015ರ ಸಿನಿಮಾಗಳಲ್ಲಿ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಆರು ಪ್ರಶಸ್ತಿ ಪಡೆಯಿತು, ‘ದಿ ರೆವೆನೆಂಟ್’ಗೆ ನಿರ್ದೇಶನ, ನಟ, ಛಾಯಾಗ್ರಹಣ ಸಿಕ್ಕಿತು. ಅತ್ಯುತ್ತಮ ಚಿತ್ರವಾಗಿದ್ದು ‘ಸ್ಪಾಟ್‌ಲೈಟ್’. ಅದಕ್ಕೆ ಇನ್ನೊಂದೇ ಪ್ರಶಸ್ತಿ, ಮೂಲ ಚಿತ್ರಕಥೆಯದ್ದು. ಮರುವರ್ಷ 14 ನಾಮನಿರ್ದೇಶನದ ‘ಲಾ ಲಾ ಲ್ಯಾಂಡ್’ ಎದುರು ‘ಮೂನ್‌ಲೈಟ್’ ಗೆದ್ದಿತು. 94ನೇ ಸಮಾರಂಭದಲ್ಲಿ 12 ನಾಮನಿರ್ದೇಶನದ ‘ದಿ ಪವರ್ ಆಫ್ ದಿ ಡಾಗ್’ ನಿರ್ದೇಶನಕ್ಕೆ ಮಾತ್ರ ಸಮಾಧಾನಪಟ್ಟುಕೊಂಡಿತು. ಬರೀ ಮೂರು ನಾಮನಿರ್ದೇಶನ ಪಡೆದಿದ್ದ ‘ಕೋಡಾ’ ಮೂರನ್ನೂ ಗೆದ್ದು ಅತ್ಯುತ್ತಮ ಚಿತ್ರವಾಯಿತು. ಅದಕ್ಕೆ ನಿರ್ದೇಶನದ ನಾಮನಿರ್ದೇಶನವೂ ಇರಲಿಲ್ಲ, ಸಂಕಲನದ್ದೂ ಇರಲಿಲ್ಲ.

ನಾಮನಿರ್ದೇಶನದ ಸಂಖ್ಯೆಯನ್ನೇ ಹಿಡಿದು ವಾದಿಸುವವರು ಈ ವರ್ಷಗಳಲ್ಲೆಲ್ಲ ಎಡವಿದ್ದಾರೆ. ಅದಕ್ಕಿಂತ ನಂಬಿಕೆಗೆ ಅರ್ಹವಾದದ್ದು ಅಲ್ಲಿನ ನಿರ್ಮಾಪಕರ ಸಂಘ, ಪ್ರೊಡ್ಯೂಸರ್ಸ್ ಗಿಲ್ಡ್ ಆಫ್ ಅಮೆರಿಕ ಕೊಡುವ ಪ್ರಶಸ್ತಿ. ಅವರದ್ದೂ ಪ್ರಾಶಸ್ತ್ಯದ ಮತದಾನವೇ. 2009ರಿಂದ 2024ರವರೆಗಿನ ಸಿನಿಮಾಗಳ 16 ವರ್ಷಗಳಲ್ಲಿ ಗಿಲ್ಡ್ ಮತ್ತು ಆಸ್ಕರ್ ಬೇರೆ ದಾರಿ ಹಿಡಿದದ್ದು ಮೂರೇ ಸಲ. 2015ರಲ್ಲಿ ಗಿಲ್ಡ್ ‘ದಿ ಬಿಗ್ ಶಾರ್ಟ್’ ಅಂದಿತು, 2016ರಲ್ಲಿ ‘ಲಾ ಲಾ ಲ್ಯಾಂಡ್’, 2019ರಲ್ಲಿ ‘1917’ (ಆಸ್ಕರ್ ಹೋದದ್ದು ‘ಪ್ಯಾರಸೈಟ್’ಗೆ). 2013ರಲ್ಲಿ ಗಿಲ್ಡ್‌ನಲ್ಲೇ ‘ಗ್ರಾವಿಟಿ’ ಮತ್ತು ‘12 ಇಯರ್ಸ್ ಎ ಸ್ಲೇವ್’ ಸಮ ಬಂದು ಇಬ್ಬರಿಗೂ ಕೊಟ್ಟರು. ನಟರ ಗಿಲ್ಡ್‌ನ ತಾರಾಬಳಗದ ಪ್ರಶಸ್ತಿಯನ್ನೂ ಗಮನಿಸಬೇಕು, ಅಕಾಡೆಮಿಯಲ್ಲಿ ಎಲ್ಲಕ್ಕಿಂತ ದೊಡ್ಡ ಶಾಖೆ ನಟರದ್ದು. ‘ಸ್ಪಾಟ್‌ಲೈಟ್’, ‘ಪ್ಯಾರಸೈಟ್’, ‘ಕೋಡಾ’ ಮೂರೂ ಅದನ್ನು ಗೆದ್ದಿದ್ದವು. ಗೋಲ್ಡನ್ ಗ್ಲೋಬ್ ಕೊಡುವುದು ಪತ್ರಕರ್ತರು. ಅವರಿಗೆ ಅಕಾಡೆಮಿಯಲ್ಲಿ ಮತವಿಲ್ಲ. ಪ್ರಚಾರಕ್ಕೆ ಅದು ಗಾಳಿ ಊದುತ್ತದೆ, ಅಷ್ಟೇ.

ಇನ್ನು ನಾಮನಿರ್ದೇಶನದ ಹಂತ. ಅಲ್ಲೂ ಪ್ರಾಶಸ್ತ್ಯದ ಮತವೇ, ಆದರೆ ಲೆಕ್ಕ ತಿರುಗುಮುರುಗು. ಐದು ಸ್ಥಾನದ ಒಂದು ವಿಭಾಗದಲ್ಲಿ 600 ಜನ ಮತ ಹಾಕಿದರೆ, 600ನ್ನು ಆರರಿಂದ ಭಾಗಿಸಿ ಒಂದು ಸೇರಿಸಿ: 101. ಅಷ್ಟು ಚೀಟಿ ಸೇರಿದರೆ ನಾಮನಿರ್ದೇಶನ ಖಾತ್ರಿ. ಆರರಿಂದ ಏಕೆ? 101 ಚೀಟಿ ಐದು ಜನಕ್ಕೆ ಸಿಗಬಹುದು, ಆರನೆಯವರಿಗೆ ಸಿಗಲು ಸಾಧ್ಯವೇ ಇಲ್ಲ. ಇಲ್ಲಿ ಎಲ್ಲರೂ ‘ಪರವಾಗಿಲ್ಲ, ಚೆನ್ನಾಗಿದೆ’ ಅನ್ನುವ ಕೆಲಸ ಐದನೇ ಸ್ಥಾನದಲ್ಲೇ ಉಳಿದು ಹೊರಬೀಳುತ್ತದೆ. ಒಂದು ಸಣ್ಣ ಗುಂಪು ಮೊದಲ ಸ್ಥಾನದಲ್ಲಿಟ್ಟು ಹಿಡಿದುಕೊಂಡ ಕೆಲಸ ಒಳಗೆ ಬರುತ್ತದೆ. ‘ಇಂಥವರಿಗೆ ಅನ್ಯಾಯವಾಯಿತು, ಎಲ್ಲರಿಗೂ ಅವರ ನಟನೆ ಇಷ್ಟವಾಗಿತ್ತಲ್ಲ’ ಎಂಬ ದೂರಿಗೆ ಬಹಳ ಸಲ ಉತ್ತರ ಇದೇ. ಎಲ್ಲರಿಗೂ ಇಷ್ಟವಾಗಿತ್ತು, ಒಂದನೇ ಸ್ಥಾನ ಕೊಟ್ಟವರು ಕಡಿಮೆ. ನಾಮನಿರ್ದೇಶನಕ್ಕೆ ಹುಚ್ಚು ಪ್ರೀತಿ ಬೇಕು, ಅತ್ಯುತ್ತಮ ಚಿತ್ರ ಗೆಲ್ಲಲು ವಿಶಾಲ ಒಪ್ಪಿಗೆ ಬೇಕು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನಮ್ಮಲ್ಲಿ ಇನ್ನೊಂದು ಗೊಂದಲವಿದೆ. 2023ರ ಜನವರಿಯಲ್ಲಿ ‘ಕಾಂತಾರ’ ಮತ್ತು ‘ವಿಕ್ರಾಂತ್ ರೋಣ’ ಆಸ್ಕರ್ ಅರ್ಹತಾ ಪಟ್ಟಿಯಲ್ಲಿದ್ದವು. ಅದು ಸಂತೋಷದ ಸುದ್ದಿಯೇ. ಆದರೆ ಆ ಪಟ್ಟಿಯಲ್ಲಿ ಒಟ್ಟು 301 ಸಿನಿಮಾಗಳಿದ್ದವು. ಅದು ಮತದಾರರ ಮುಂದೆ ಇಡುವ ಯಾದಿ, ನಾಮನಿರ್ದೇಶನವಲ್ಲ. ಅದಕ್ಕೆ ಸೇರಲು 40 ನಿಮಿಷಕ್ಕಿಂತ ಉದ್ದದ ಸಿನಿಮಾ ಲಾಸ್ ಏಂಜಲಿಸ್, ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋ ಬೇ ಪ್ರದೇಶ, ಶಿಕಾಗೊ, ಡಲ್ಲಾಸ್, ಅಟ್ಲಾಂಟಾ ಇವುಗಳಲ್ಲಿ ಒಂದು ಕಡೆ ಸತತ ಏಳು ದಿನ ಚಿತ್ರಮಂದಿರದಲ್ಲಿ ನಡೆದು, ಅರ್ಜಿ ಸಲ್ಲಿಸಿರಬೇಕು. ಕೆಲವು ವಿಭಾಗಗಳಲ್ಲಿ ಇದರ ನಂತರ ಕಿರುಪಟ್ಟಿ ಬರುತ್ತದೆ, ಆಮೇಲೆ ನಾಮನಿರ್ದೇಶನ. ಭಾರತದ ಅಧಿಕೃತ ಆಯ್ಕೆ ಎನ್ನುವುದು ಅಂತರರಾಷ್ಟ್ರೀಯ ಚಿತ್ರ ವಿಭಾಗಕ್ಕೆ ಮಾತ್ರ ಸಂಬಂಧಿಸಿದ್ದು. ಅದನ್ನು ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾ ಮಾಡುತ್ತದೆ. ಆ ವರ್ಷ ಅಲ್ಲಿಗೆ ಹೋದದ್ದು ಗುಜರಾತಿಯ ‘ಛೆಲ್ಲೋ ಶೋ’. ‘ಆರ್‌ಆರ್‌ಆರ್’ ಸಾಮಾನ್ಯ ವಿಭಾಗಗಳಲ್ಲಿ ಸ್ಪರ್ಧಿಸಿ ಹಾಡಿನ ಪ್ರಶಸ್ತಿ ತಂದಿತು.

ಆ ಹಾಡಿನ ಬಗ್ಗೆಯೂ ಒಂದು ಮಾತು. ಮೂಲ ಗೀತೆಯ ಪ್ರಶಸ್ತಿ ಹೋಗುವುದು ರಾಗ ಹಾಕಿದವರಿಗೆ, ಸಾಹಿತ್ಯ ಬರೆದವರಿಗೆ. ‘ನಾಟು ನಾಟು’ಗೆ ಅದನ್ನು ಪಡೆದವರು ಕೀರವಾಣಿ ಮತ್ತು ಚಂದ್ರಬೋಸ್. ಕುಣಿತ ನೋಡಿ ಮತ ಹಾಕಿದವರು ಇರಬಹುದು, ಆದರೆ ವಾದ ಮಾಡುವಾಗ ಹೆಜ್ಜೆಯನ್ನು ಬದಿಗಿಟ್ಟು ಕಣ್ಣು ಮುಚ್ಚಿ ಕೇಳಬೇಕು. ಪ್ರತಿ ವಿಭಾಗದಲ್ಲೂ ಇಂಥದ್ದೊಂದು ಜಾರುಬಂಡೆ ಇದೆ. ಧ್ವನಿ ಅಂದರೆ ಅಬ್ಬರ, ಸಂಕಲನ ಅಂದರೆ ವೇಗ, ನಟನೆ ಅಂದರೆ ಕಿರುಚಾಟ ಅಥವಾ ಮೇಕಪ್, ಛಾಯಾಗ್ರಹಣ ಅಂದರೆ ಸೂರ್ಯಾಸ್ತ.

ಧ್ವನಿಗೆ ನಾನು ಯಾವಾಗಲೂ ಎತ್ತಿ ತೋರಿಸುವುದು 96ನೇ ಆಸ್ಕರ್. ಎದುರಿಗೆ ‘ಓಪನ್‌ಹೈಮರ್’ನ ಸ್ಫೋಟ ಇತ್ತು. ಗೆದ್ದಿದ್ದು ‘ದಿ ಝೋನ್ ಆಫ್ ಇಂಟರೆಸ್ಟ್’. ನಾಜಿಗಳ ಆಶ್ವಿಟ್ಜ್ ಶಿಬಿರದ ಗೋಡೆಗೆ ಅಂಟಿಕೊಂಡ ಮನೆ, ಅಲ್ಲಿ ಕಮಾಂಡೆಂಟನ ಸಂಸಾರ. ಕ್ಯಾಮೆರಾ ಮನೆ, ತೋಟ, ಮಕ್ಕಳನ್ನು ತೋರಿಸುತ್ತದೆಯೇ ಹೊರತು ಗೋಡೆಯಾಚೆಗಿನ ಹಿಂಸೆಯನ್ನಲ್ಲ. ಆಚೆಯಿಂದ ಗುಂಡಿನ ಸದ್ದು, ಕೂಗು, ಒಲೆಗಳ ಮೊರೆತ ಸಣ್ಣಗೆ ಬರುತ್ತಲೇ ಇರುತ್ತದೆ, ಈಚೆ ಊಟ ತಿಂಡಿ ನಡೆಯುತ್ತಿರುತ್ತದೆ. ಧ್ವನಿ ತೆಗೆದರೆ ಅದೊಂದು ಕುಟುಂಬದ ದಿನಚರಿ. ಧ್ವನಿ ಹಾಕಿದರೆ ನರಮೇಧದ ಸಿನಿಮಾ. ‘ಈ ವಿಭಾಗದ ಕೆಲಸವನ್ನು ತೆಗೆದರೆ ಸಿನಿಮಾದಲ್ಲಿ ಏನು ಉಳಿಯುತ್ತದೆ’ ಎಂಬುದೇ ತಾಂತ್ರಿಕ ವಿಭಾಗಗಳಿಗೆ ಹಾಕಬೇಕಾದ ಪರೀಕ್ಷೆ. ಇದಕ್ಕೆ ತದ್ವಿರುದ್ಧ ಉದಾಹರಣೆ ಬೇಕಿದ್ದರೆ 91ನೇ ಆಸ್ಕರ್‌ನಲ್ಲಿ ಸಂಕಲನ ಗೆದ್ದ ‘ಬೊಹೀಮಿಯನ್ ರಾಪ್ಸಡಿ’ ಇದೆ. ಬ್ಯಾಂಡಿನವರು ಮೇಜಿನ ಸುತ್ತ ಕೂತು ಮ್ಯಾನೇಜರ್ ಜತೆ ಮಾತಾಡುವ ಸರಳ ದೃಶ್ಯದಲ್ಲಿ, ಕಾರಣವೇ ಇಲ್ಲದೆ, ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕತ್ತರಿ ಓಡುತ್ತಲೇ ಇರುತ್ತದೆ. ಯಾರು ಎಲ್ಲಿ ಕೂತಿದ್ದಾರೆ ಎಂಬುದೇ ತಲೆಗೆ ಹತ್ತುವುದಿಲ್ಲ. ಸಂಕಲನದ ವಾದಕ್ಕೆ ಕೂರುವಾಗ ಇಂಥ ಒಂದು ದೃಶ್ಯವನ್ನು ನಿಮಿಷ ಸಮೇತ ಗುರುತು ಮಾಡಿಕೊಂಡು ಬಂದರೆ ಹತ್ತು ವಿಶೇಷಣಗಳಿಗಿಂತ ಹೆಚ್ಚು ಕೆಲಸವಾಗುತ್ತದೆ.

ಈಗ ಕ್ರಮಾಂಕದ ವಿಷಯ. ಹತ್ತು ಸಿನಿಮಾಗಳನ್ನು ಒಂದೇ ಏಟಿಗೆ 1ರಿಂದ 10ಕ್ಕೆ ಜೋಡಿಸಲು ಹೋದರೆ ಮೇಲಿನ ಎರಡು, ಕೆಳಗಿನ ಎರಡು ಸರಿಯಾಗಿ ಕೂರುತ್ತವೆ, ನಡುವಿನ ಆರು ಕಲಸುಮೇಲೋಗರವಾಗುತ್ತವೆ. ಹತ್ತು ಸಿನಿಮಾಗಳಲ್ಲಿ 45 ಜೋಡಿಗಳಿವೆ, ಅಷ್ಟನ್ನೂ ಹೋಲಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ಮೊದಲು ಮೂರು ಗುಂಪು ಮಾಡಿ: ಮೇಲೆ ಮೂರು, ನಡುವೆ ನಾಲ್ಕು, ಕೆಳಗೆ ಮೂರು. ಆಮೇಲೆ ಗುಂಪಿನೊಳಗೆ ಮಾತ್ರ ಎರಡೆರಡನ್ನು ಎದುರುಬದುರು ನಿಲ್ಲಿಸಿ. ಮೂರರ ಗುಂಪಿನಲ್ಲಿ ಮೂರು ಜೋಡಿ, ನಾಲ್ಕರಲ್ಲಿ ಆರು. ಒಟ್ಟು 12 ಹೋಲಿಕೆಗೆ ಪಟ್ಟಿ ಸಿದ್ಧ. ಕೊನೆಗೆ ಗಡಿಯಲ್ಲಿರುವ 3 ಮತ್ತು 4, 7 ಮತ್ತು 8 ಇವನ್ನು ಇನ್ನೊಮ್ಮೆ ಹೋಲಿಸಿ, ಅಲ್ಲೇ ತಪ್ಪಾಗುವುದು ಜಾಸ್ತಿ.

ಹೋಲಿಸುವ ಅಳತೆಗೋಲು ಮಧ್ಯದಲ್ಲಿ ಬದಲಾಗಬಾರದು. ‘ಇನ್ನೊಮ್ಮೆ ನೋಡಬೇಕೆನಿಸುತ್ತದೆ’ ಎಂಬುದು ಒಂದು ಅಳತೆ, ‘ಅಂದುಕೊಂಡದ್ದನ್ನು ಎಷ್ಟು ಚೆನ್ನಾಗಿ ಸಾಧಿಸಿದೆ’ ಎಂಬುದು ಇನ್ನೊಂದು. ‘ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್’ ಥರದ 206 ನಿಮಿಷದ ಸಿನಿಮಾ ಮೊದಲ ಅಳತೆಯಲ್ಲಿ ಕೆಳಗಿಳಿಯುತ್ತದೆ, ಎರಡನೆಯದರಲ್ಲಿ ಮೇಲೇರುತ್ತದೆ. ಯಾವುದನ್ನು ಬೇಕಾದರೂ ಆರಿಸಿಕೊಳ್ಳಿ, ಹತ್ತಕ್ಕೂ ಅದನ್ನೇ ಹಾಕಿ. ನೋಡಿದ ರಾತ್ರಿಯೇ ನಾಲ್ಕು ಸಾಲು ಬರೆದಿಡಿ, ಕ್ರಮಾಂಕ ಮಾತ್ರ ಎರಡು ಮೂರು ದಿನ ಬಿಟ್ಟು ಕೊಡಿ. ಕೊನೆಗೆ ನೋಡಿದ ಸಿನಿಮಾ ಹೊಸ ಬಿಸಿಯಲ್ಲಿ ಎರಡು ಮೆಟ್ಟಿಲು ಹೆಚ್ಚು ಹತ್ತಿರುತ್ತದೆ. ‘ಯಾವುದು ಗೆಲ್ಲುತ್ತದೆ’ ಎಂಬ ಪಟ್ಟಿಯನ್ನು ಪ್ರತ್ಯೇಕ ಹಾಳೆಯಲ್ಲಿ ಇಡಬೇಕು. ಎರಡೂ ಒಂದೇ ಹಾಳೆಯಲ್ಲಿದ್ದರೆ ಊಹೆ ಪ್ರೀತಿಯನ್ನು ನುಂಗಿಬಿಡುತ್ತದೆ.

ಬಳಗದಲ್ಲಿ ಮತದಾನ ನಡೆಸಲು ಗೂಗಲ್ ಫಾರ್ಮ್ ಸಾಕು. ‘ಮಲ್ಟಿಪಲ್ ಚಾಯ್ಸ್ ಗ್ರಿಡ್’ ತೆಗೆದುಕೊಂಡು ಅಡ್ಡಸಾಲುಗಳಲ್ಲಿ ಸಿನಿಮಾ, ಕಂಬಸಾಲುಗಳಲ್ಲಿ 1ರಿಂದ 10 ಹಾಕಿ. ಒಂದು ಕಂಬದಲ್ಲಿ ಒಂದೇ ಉತ್ತರ ಎಂಬ ನಿರ್ಬಂಧವನ್ನು ಆನ್ ಮಾಡಲೇಬೇಕು. ಮರೆತರೆ ಮೂರು ಸಿನಿಮಾಗಳಿಗೆ ಒಂದನೇ ಸ್ಥಾನ ಕೊಟ್ಟ ಚೀಟಿಗಳು ಬರುತ್ತವೆ, ಅವನ್ನು ಎಣಿಸಲಾಗದು. ಸಾಲುಗಳ ಕ್ರಮ ಪ್ರತಿಯೊಬ್ಬರಿಗೂ ಬೇರೆಯಾಗಿ ಕಾಣುವಂತೆ ಶಫಲ್ ಇಡಿ, ಇಲ್ಲದಿದ್ದರೆ ಮೇಲಿರುವ ಹೆಸರಿಗೆ ಸುಮ್ಮನೆ ಲಾಭ. ಮೊಬೈಲ್‌ನಲ್ಲಿ ಹತ್ತು ಕಂಬ ಒಟ್ಟಿಗೆ ಕಾಣುವುದಿಲ್ಲ, ಪಕ್ಕಕ್ಕೆ ಸರಿಸಬೇಕು, ಇದನ್ನು ಪ್ರಶ್ನೆಯ ಮೇಲೆಯೇ ಬರೆಯಿರಿ. ಎಲ್ಲ ಸಾಲೂ ಕಡ್ಡಾಯ ಎಂಬುದನ್ನು ಆನ್ ಮಾಡಿದರೆ ನೋಡದ ಸಿನಿಮಾಗಳಿಗೂ ಜನ ಏನೋ ಒಂದು ಅಂಕಿ ಒತ್ತುತ್ತಾರೆ. ಹತ್ತನ್ನೂ ನೋಡಿದವರಿಗೆ ಮಾತ್ರ ಮತ ಎಂಬ ನಿಯಮವೇ ಉತ್ತಮ. ಅಕಾಡೆಮಿಯೂ 98ನೇ ಆವೃತ್ತಿಯಿಂದ ಅದೇ ದಾರಿಗೆ ಬಂದಿದೆ: ಒಂದು ವಿಭಾಗದ ನಾಮನಿರ್ದೇಶಿತ ಸಿನಿಮಾಗಳನ್ನೆಲ್ಲ ನೋಡದೆ ಆ ವಿಭಾಗದ ಅಂತಿಮ ಮತ ಹಾಕುವಂತಿಲ್ಲ. ಬಹಳ ವರ್ಷ ಮೊದಲೇ ಬರಬೇಕಿದ್ದ ನಿಯಮ.

40 ಜನರವರೆಗೆ ಎಣಿಕೆಗೆ ತಂತ್ರಾಂಶ ಬೇಕಿಲ್ಲ. ಒಬ್ಬೊಬ್ಬರ ಪಟ್ಟಿಯನ್ನು ಒಂದೊಂದು ಚೀಟಿಯಲ್ಲಿ ಬರೆದು, ಒಂದನೇ ಸ್ಥಾನದ ಪ್ರಕಾರ ಮೇಜಿನ ಮೇಲೆ ರಾಶಿ ಹಾಕಿ, ಸಣ್ಣ ರಾಶಿಯನ್ನು ಹಂಚುತ್ತಾ ಹೋಗಿ. ಅವಸರಕ್ಕೆ ಬಿದ್ದು ಕೆಳಗಿನ ಎರಡನ್ನು ಒಟ್ಟಿಗೆ ತೆಗೆಯಬೇಡಿ. ಅವೆರಡರ ಮೊತ್ತ ಅವುಗಳ ಮೇಲಿನದಕ್ಕಿಂತ ಕಡಿಮೆಯಿದ್ದರೆ ಮಾತ್ರ ಅಪಾಯವಿಲ್ಲ. ಮೇಲಿನ ಉದಾಹರಣೆಯಲ್ಲಿ ‘ತ’ ಮತ್ತು ‘ಪ’ ಸೇರಿ 5, ಅವುಗಳ ಮೇಲಿನ ‘ಟ’ 6, ಹಾಗಾಗಿ ತೆಗೆಯಬಹುದಿತ್ತು. ಖಾಲಿಯಾದ ಚೀಟಿಗಳನ್ನು ಬದಿಗಿಟ್ಟು, ಚಾಲ್ತಿಯಲ್ಲಿ ಉಳಿದವುಗಳ ಅರ್ಧಕ್ಕಿಂತ ಹೆಚ್ಚು ಎಂದು ಲೆಕ್ಕ ಹಿಡಿಯಿರಿ. ಕೆಳಗೆ ಎರಡು ಸಮವಾದರೆ ಮೊದಲ ಸುತ್ತಿನಲ್ಲಿ ಯಾವುದಕ್ಕೆ ಕಡಿಮೆ ಇತ್ತೋ ಅದು ಹೊರಗೆ. ಅಲ್ಲೂ ಸಮವಾದರೆ ಚೀಟಿ ಎತ್ತಿ. ಈ ನಿಯಮವನ್ನು ಮತದಾನಕ್ಕೆ ಮೊದಲೇ ಬರೆದು ಎಲ್ಲರಿಗೂ ಕಳಿಸಿರಬೇಕು, ಎಣಿಕೆಯ ನಡುವೆ ಮಾಡಿದ ನಿಯಮವನ್ನು ಸೋತವರು ಒಪ್ಪುವುದಿಲ್ಲ. ಕೊನೆಯ ಎರಡೇ ಸಮಸಮ ನಿಂತರೆ ಇಬ್ಬರಿಗೂ ಕೊಡಿ. 41ನೇ ಆಸ್ಕರ್‌ನಲ್ಲಿ ಕ್ಯಾಥರಿನ್ ಹೆಪ್‌ಬರ್ನ್ ಮತ್ತು ಬಾರ್ಬ್ರಾ ಸ್ಟ್ರೈಸಂಡ್ ಇಬ್ಬರೂ ಅತ್ಯುತ್ತಮ ನಟಿಯಾಗಿದ್ದರು.

ಫಲಿತಾಂಶ ಹೇಳುವಾಗ ಗೆದ್ದ ಹೆಸರಿನ ಜತೆ ಎಲ್ಲ ಸುತ್ತುಗಳ ಲೆಕ್ಕವನ್ನೂ ಹಾಕಿ. ಅಕಾಡೆಮಿ ಮುಚ್ಚಿಡುವುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಯಾವ ಸುತ್ತಿನಲ್ಲಿ ಯಾವ ಸಿನಿಮಾದ ಚೀಟಿಗಳು ಎತ್ತ ಹರಿದವು ಎಂಬುದು ಕಣ್ಣೆದುರಿಗೆ ಇದ್ದರೆ ಮುಂದಿನ ಎರಡು ಗಂಟೆಯ ವಾದಕ್ಕೆ ಅದೇ ಸರಕು.